ಐದು ಪ್ರತಿಯೋ ಹತ್ತು ಪ್ರತಿಯೋ: ಕಾಮಿಕ್ಸ್ ಅಂಗಡಿಯ ಲೆಕ್ಕವೂ ಬಾರದ ಹೊಸ ಓದುಗನೂ

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗಳಿಗೆ ಒಂಬತ್ತು ವರ್ಷ. ಅವಳ ಮಂಚದ ಪಕ್ಕದ ಕಪಾಟಿನಲ್ಲಿ 'ಡಾಗ್ ಮ್ಯಾನ್' ಎಂಬ ಮಕ್ಕಳ ಕಾಮಿಕ್ಸ್ ಸರಣಿಯ ಎಂಟೋ ಒಂಬತ್ತೋ ಪುಸ್ತಕಗಳಿವೆ. ಒಂದೊಂದನ್ನೂ ಎಷ್ಟು ಸಲ ಓದಿದ್ದಾಳೆಂದರೆ ಹೊಲಿಗೆ ಸಡಿಲಿ ಹಾಳೆಗಳು ಬಾಯಿಬಿಟ್ಟಿವೆ. ಒಂದರ ಮೇಲೆ ಸಾರಿನ ಕಲೆಯೂ ಇದೆ. ಅವಳ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಕಾಮಿಕ್ಸ್ ಅಂಗಡಿ ಇದೆ. ಅದರೊಳಗೆ ಅವಳು ಒಮ್ಮೆಯೂ ಕಾಲಿಟ್ಟಿಲ್ಲ.

ಹೋದ ಸಲ ಅಲ್ಲಿದ್ದಾಗ ಒಂದು ಬುಧವಾರ ನಾನೇ ಹೋಗಿ ನೋಡಿದೆ. ಅಮೆರಿಕದಲ್ಲಿ ಹೊಸ ಸಂಚಿಕೆಗಳು ಅಂಗಡಿಗೆ ಬರುವುದು ಬುಧವಾರ. ಗಲ್ಲಾದ ಹಿಂದೆ ಉದ್ದನೆಯ ರಟ್ಟಿನ ಪೆಟ್ಟಿಗೆಗಳು, ಅವುಗಳೊಳಗೆ ಖಾಯಂ ಗಿರಾಕಿಗಳ ಹೆಸರು ಬರೆದ ಅಡ್ಡರಟ್ಟುಗಳು. ಒಬ್ಬೊಬ್ಬರಾಗಿ ಬರುತ್ತಿದ್ದರು, ತಮ್ಮ ಹೆಸರಿನ ಕಟ್ಟು ತೆಗೆದುಕೊಳ್ಳುತ್ತಿದ್ದರು, ಅಂಗಡಿಯವನೊಂದಿಗೆ ಎರಡು ಮಾತಾಡಿ ಹೋಗುತ್ತಿದ್ದರು. ನಲವತ್ತಕ್ಕಿಂತ ಕಡಿಮೆ ವಯಸ್ಸಿನವರು ಒಬ್ಬರೋ ಇಬ್ಬರೋ ಇದ್ದಿರಬೇಕು. ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಕಾಣುವ ದೃಶ್ಯ ನೆನಪಾಯಿತು. ಎಲ್ಲರಿಗೂ ಎಲ್ಲರೂ ಗೊತ್ತು, ಯಾರಿಗೆ ಎಷ್ಟು ಲೀಟರ್ ಎಂಬುದೂ ಗೊತ್ತು, ಹೊಸಬನೊಬ್ಬ ಬಂದರೆ ಎಲ್ಲರೂ ತಿರುಗಿ ನೋಡುತ್ತಾರೆ.

ಕಾಮಿಕ್ಸ್ ಉದ್ಯಮ ಹೊಸ ಓದುಗರನ್ನು ಸೆಳೆಯಲು ಗಮನ ಕೊಡಬೇಕೇ, ಇರುವವರನ್ನು ಉಳಿಸಿಕೊಳ್ಳಬೇಕೇ ಎಂಬ ಚರ್ಚೆ ಅಮೆರಿಕದಲ್ಲಿ ದಶಕಗಳಿಂದ ನಡೆದಿದೆ. ಕೇಳಿದೊಡನೆ ಇದು ಚರ್ಚೆಯೇ ಅಲ್ಲ ಅನ್ನಿಸುತ್ತದೆ. ಯಾವ ವ್ಯಾಪಾರಿ ಹೊಸ ಗಿರಾಕಿ ಬೇಡ ಎಂದಾನು? ಆದರೆ ಆ ಅಂಗಡಿಯವನ ಖಾತೆ ಪುಸ್ತಕವನ್ನು ಬಿಡಿಸಿ ನೋಡಿದರೆ, ಹೊಸ ಗಿರಾಕಿ ಅವನಿಗೆ ನಿಜಕ್ಕೂ ನಷ್ಟ ತರುವವನಾಗಿ ಕಾಣಿಸುತ್ತಾನೆ. ಇದು ಹೇಗಾಯಿತು ಎಂಬುದೇ ಈ ಚರ್ಚೆಯ ತಿರುಳು.

ಮೊದಲು ಹೀಗಿರಲಿಲ್ಲ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಅವರ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 'ಆ್ಯಕ್ಷನ್ ಕಾಮಿಕ್ಸ್' ಸಂಚಿಕೆಗೆ ಬೆಲೆ 10 ಸೆಂಟ್, ಪುಟ 64. ಅದು ಸಿಗುತ್ತಿದ್ದುದು ಪತ್ರಿಕೆ ಮಾರುವ ಗೂಡಂಗಡಿಯಲ್ಲಿ, ಔಷಧದಂಗಡಿಯ ಮೂಲೆಯ ತಿರುಗುವ ತಂತಿ ಸ್ಟ್ಯಾಂಡಿನಲ್ಲಿ, ದಿನಸಿ ಅಂಗಡಿಯಲ್ಲಿ. ಅಮ್ಮ ಸಾಮಾನು ಕಟ್ಟಿಸುವಾಗ ಮಗು ಸ್ಟ್ಯಾಂಡನ್ನು ತಿರುಗಿಸುತ್ತಿತ್ತು. ನಮ್ಮಲ್ಲಿ ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟ ಬಾಲಮಂಗಳವನ್ನು ನೋಡಿ, ಒಳಗೆ ಡಿಂಗ ಈ ಸಲ ಏನು ಮಾಡಿದ್ದಾನೋ ಎಂದು ಅಪ್ಪನ ಕೈ ಜಗ್ಗಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಾಮಿಕ್ಸ್ ಹುಡುಕಿಕೊಂಡು ಯಾರೂ ಹೋಗುತ್ತಿರಲಿಲ್ಲ, ಹೋಗುವ ದಾರಿಯಲ್ಲಿ ಅದು ಎದುರಾಗುತ್ತಿತ್ತು. 1950ರ ದಶಕದ ಆರಂಭದಲ್ಲಿ ಡೆಲ್ ಸಂಸ್ಥೆಯ ಡಿಸ್ನಿ ಮಾಸಪತ್ರಿಕೆಯೊಂದೇ ತಿಂಗಳಿಗೆ ಸುಮಾರು 30 ಲಕ್ಷ ಪ್ರತಿ ಖರ್ಚಾಗುತ್ತಿತ್ತು.

ಆಗಿನ ಸಂಪಾದಕರು ಒಂದು ಸಂಗತಿಯನ್ನು ಒಪ್ಪಿಕೊಂಡೇ ಕೆಲಸ ಮಾಡುತ್ತಿದ್ದರು: ಓದುಗ ಕೆಲವು ವರ್ಷ ಇರುತ್ತಾನೆ, ಮೀಸೆ ಮೂಡುವ ಹೊತ್ತಿಗೆ ಹೋಗುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಸೂಪರ್‌ಮ್ಯಾನ್ ಪತ್ರಿಕೆಗಳನ್ನು ನೋಡಿಕೊಳ್ಳುತ್ತಿದ್ದ ಮಾರ್ಟ್ ವೈಸಿಂಗರ್ ಹಳೆಯ ಕಥೆಯನ್ನೇ ಕೆಲವು ವರ್ಷ ಬಿಟ್ಟು ಸ್ವಲ್ಪ ತಿರುಚಿ ಮತ್ತೆ ಬರೆಸುತ್ತಿದ್ದರು. ಮೊದಲ ಸಲ ಓದಿದವರು ಅಷ್ಟರಲ್ಲಿ ಕಾಲೇಜು ಸೇರಿರುತ್ತಾರೆಂಬ ಧೈರ್ಯ! ಪ್ರತಿ ಸಂಚಿಕೆಯೂ ಯಾರೋ ಒಬ್ಬರ ಪಾಲಿಗೆ ಮೊದಲನೆಯದು ಎಂದುಕೊಂಡು ಬರೆಯಬೇಕು ಎಂಬ ಕಿವಿಮಾತು ಮಾರ್ವೆಲ್‌ನ ಸ್ಟ್ಯಾನ್ ಲೀ ಹೆಸರಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಹೊಸ ಓದುಗ ಆ ಉದ್ಯಮಕ್ಕೆ ಒಂದು ಗುರಿಯಾಗಿರಲಿಲ್ಲ. ಉಸಿರಾಟದಂತೆ ತಾನಾಗಿ ನಡೆಯುತ್ತಿದ್ದ ಸಂಗತಿಯಾಗಿದ್ದ.

ಆ ವ್ಯವಸ್ಥೆ ಕೆಟ್ಟದ್ದು ಬೆಲೆಯಿಂದ. 10 ಸೆಂಟ್ ಬೆಲೆಯನ್ನು ಪ್ರಕಾಶಕರು 1960ರ ದಶಕದ ಆರಂಭದವರೆಗೆ ಹಿಡಿದಿಟ್ಟರು, ಪುಟ ಕಡಿಮೆ ಮಾಡುತ್ತ ಬಂದರು. ಗೂಡಂಗಡಿಯವನಿಗೆ ಒಂದು ಪ್ರತಿಯಲ್ಲಿ ಉಳಿಯುವುದು ಎರಡು ಮೂರು ಸೆಂಟ್. ಅದೇ ಜಾಗದಲ್ಲಿ ದೊಡ್ಡ ಮ್ಯಾಗಜೀನ್ ಇಟ್ಟರೆ ಹಲವು ಪಟ್ಟು ಹೆಚ್ಚು. ಜೊತೆಗೆ 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರ ಪುಸ್ತಕ, ಸೆನೆಟ್ ಉಪಸಮಿತಿಯ ವಿಚಾರಣೆ, ಮಕ್ಕಳನ್ನು ಕೆಡಿಸುವ ಸರಕು ಎಂಬ ಅಪಖ್ಯಾತಿ ಬಂದು, ಪ್ರಕಾಶಕರು ತಮಗೆ ತಾವೇ ನೀತಿಸಂಹಿತೆ ಹಾಕಿಕೊಳ್ಳಬೇಕಾಯಿತು. ಮಾರದ ಪ್ರತಿಗಳನ್ನು ವಾಪಸು ಕೊಡುವ ಪದ್ಧತಿ ಬೇರೆ. ಮೊದಲು ಇಡೀ ಪ್ರತಿ ವಾಪಸು ಬರುತ್ತಿತ್ತು, ಆಮೇಲೆ ಹರಿದ ಮುಖಪುಟ ಮಾತ್ರ, ಕೊನೆಗೆ 'ಇಷ್ಟು ಮಾರಲಿಲ್ಲ' ಎಂಬ ಒಂದು ಪ್ರಮಾಣಪತ್ರ ಕೊಟ್ಟರೆ ಸಾಕಾಯಿತು. ಮಾರಲಿಲ್ಲವೆಂದು ಬರೆದುಕೊಟ್ಟ ಪ್ರತಿಗಳು ಹಿಂಬಾಗಿಲಿನಿಂದ ಸಂಗ್ರಹಕಾರರ ಕೈ ಸೇರುತ್ತಿವೆ ಎಂಬ ದೂರು ಪ್ರಕಾಶಕರಿಗೆ ತಲೆನೋವಾಗಿತ್ತು. ಒಂದು ಪ್ರತಿ ಮಾರಲು ಎರಡು ಮೂರು ಪ್ರತಿ ಅಚ್ಚು ಹಾಕಿಸಬೇಕಾದ ದಂಧೆ ಎಷ್ಟು ದಿನ ನಡೆದೀತು?

ಆಗ ಬಂದವರು ಫಿಲ್ ಸ್ಯೂಲಿಂಗ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶಾಲಾ ಶಿಕ್ಷಕ, ಕಾಮಿಕ್ಸ್ ಅಭಿಮಾನಿಗಳ ಸಮಾವೇಶ ನಡೆಸುತ್ತಿದ್ದವರು. 1970ರ ದಶಕದ ಆರಂಭದಲ್ಲಿ ಅವರು ಪ್ರಕಾಶಕರ ಮುಂದೆ ಸರಳವಾದ ಒಂದು ಒಪ್ಪಂದವನ್ನಿಟ್ಟರು. ನನಗೆ ಹೆಚ್ಚು ರಿಯಾಯಿತಿ ಕೊಡಿ, ನೇರವಾಗಿ ಕೊಡಿ, ಮಾರದಿದ್ದರೆ ವಾಪಸು ಮಾಡುವುದಿಲ್ಲ. ಪ್ರಕಾಶಕರಿಗೆ ಕುಣಿದಾಡುವಷ್ಟು ಖುಷಿ. ಎಷ್ಟು ಬೇಡಿಕೆ ಬಂದಿದೆಯೋ ಅಷ್ಟೇ ಅಚ್ಚು ಹಾಕಿದರಾಯಿತು, ಹಣ ಖಚಿತ. ಇದಕ್ಕೆ 'ಡೈರೆಕ್ಟ್ ಮಾರ್ಕೆಟ್' ಎಂದು ಹೆಸರಾಯಿತು. ಕಾಮಿಕ್ಸ್ ಮಾತ್ರ ಮಾರುವ ಅಂಗಡಿಗಳು ಊರೂರಲ್ಲಿ ಎದ್ದವು. 1981ರಲ್ಲಿ ಮಾರ್ವೆಲ್ 'ಡ್ಯಾಜ಼್ಲರ್' ಎಂಬ ಹೊಸ ಪತ್ರಿಕೆಯ ಮೊದಲ ಸಂಚಿಕೆಯನ್ನು ಈ ಅಂಗಡಿಗಳಿಗೆ ಮಾತ್ರ ಕೊಟ್ಟಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರತಿಗೆ ಬೇಡಿಕೆ ಬಂತು. ನಡುವೆ ಒಂದು ಮಾತು: ಈ ವ್ಯವಸ್ಥೆಯನ್ನು ಇಂದು ಬೈಯುವವರು ಬಹಳ. ಆದರೆ ಅದು ಬಾರದಿದ್ದರೆ ಅಮೆರಿಕದ ಮಾಸಿಕ ಕಾಮಿಕ್ಸ್ 1980ನ್ನು ದಾಟುತ್ತಿತ್ತೇ ಎಂಬುದೇ ಅನುಮಾನ. ಸಣ್ಣ ಪ್ರಕಾಶಕರು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವ ಕಲಾವಿದರು ತಲೆ ಎತ್ತಿದ್ದೂ ಇದರಿಂದಲೇ.

ಈಗ ಅಂಗಡಿಯವನ ಗಲ್ಲಾದ ಪಕ್ಕ ಕುಳಿತು ಲೆಕ್ಕ ಹಾಕೋಣ. ಈಗೀಗ ಒಂದು ಸಂಚಿಕೆಗೆ 4.99 ಡಾಲರ್ ಬೆಲೆ ಸಾಮಾನ್ಯ. ಸುಲಭಕ್ಕೆ ಐದು ಡಾಲರ್ ಎನ್ನೋಣ. ಅಂಗಡಿಯವನಿಗೆ ಅರ್ಧ ಬೆಲೆಗೆ ಸಿಗುತ್ತದೆ ಎಂದಿಟ್ಟುಕೊಂಡರೆ ಪ್ರತಿಗೆ ಎರಡೂವರೆ ಡಾಲರ್ ಅವನ ಬಂಡವಾಳ. ಸಂಚಿಕೆ ಕೈಗೆ ಬರುವ ಸುಮಾರು ಎರಡು ತಿಂಗಳ ಮುಂಚೆ, ಕ್ಯಾಟಲಾಗಿನಲ್ಲಿ ಮುಖಪುಟವನ್ನೂ ನಾಲ್ಕು ಸಾಲಿನ ವಿವರವನ್ನೂ ನೋಡಿ ಎಷ್ಟು ಬೇಕೆಂದು ಅವನು ಬರೆದು ಕಳಿಸಬೇಕು. ಯಾವುದೋ ಹೊಸ ಪತ್ರಿಕೆ ಬರುತ್ತಿದೆ. ಖಾಯಂ ಗಿರಾಕಿಗಳಲ್ಲಿ ನಾಲ್ವರು 'ನಮಗೆ ಎತ್ತಿಡಿ' ಎಂದಿದ್ದಾರೆ.

ಅವನು ಎಚ್ಚರಿಕೆಯವನಾದರೆ ಐದು ಪ್ರತಿ ತರಿಸುತ್ತಾನೆ. ಹನ್ನೆರಡೂವರೆ ಡಾಲರ್ ಖರ್ಚು. ನಾಲ್ಕು ಮಾರಿದವು, ಇಪ್ಪತ್ತು ಡಾಲರ್ ಬಂತು. ಲಾಭ ಏಳೂವರೆ.

ಅವನು ಹುಮ್ಮಸ್ಸಿನವನಾದರೆ, ಹೊಸಬರು ಯಾರಾದರೂ ಬಂದಾರು ಎಂದು ಹತ್ತು ತರಿಸುತ್ತಾನೆ. ಇಪ್ಪತ್ತೈದು ಡಾಲರ್ ಖರ್ಚು. ಅವನ ನಂಬಿಕೆ ಸುಳ್ಳಾಗಲಿಲ್ಲ, ಬಾಗಿಲಲ್ಲಿ ಕಣ್ಣಿಗೆ ಕಾಣುವಂತೆ ಜೋಡಿಸಿದ್ದಕ್ಕೆ ಇಬ್ಬರು ಹೊಸಬರು ಕೊಂಡೂ ಕೊಂಡರು. ಆರು ಮಾರಿದವು, ಮೂವತ್ತು ಡಾಲರ್ ಬಂತು. ಲಾಭ ಐದು. ಉಳಿದ ನಾಲ್ಕು ಪ್ರತಿ ಅವನ ಪಾಲಿಗೆ ರದ್ದಿ.

ಇಬ್ಬರು ಹೊಸ ಓದುಗರನ್ನು ತಂದುಕೊಟ್ಟವನಿಗೆ ಒಬ್ಬರನ್ನೂ ತಾರದವನಿಗಿಂತ ಎರಡೂವರೆ ಡಾಲರ್ ಕಡಿಮೆ ಸಿಕ್ಕಿತು. ಪ್ರಕಾಶಕನಿಗೆ ಮಾತ್ರ ಹತ್ತೂ ಪ್ರತಿಯ ಹಣ ಮುಟ್ಟಿದೆ. ವಾಪಸು ಇಲ್ಲ ಎಂಬ ಎರಡು ಶಬ್ದದ ಷರತ್ತಿನಲ್ಲಿ, ಹೊಸ ಓದುಗನನ್ನು ಹುಡುಕುವ ಖರ್ಚೆಲ್ಲ ಇಡೀ ಸರಪಳಿಯಲ್ಲಿ ತೀರಾ ಬಡವನಾದವನ ತಲೆಯ ಮೇಲೆ ಬಿತ್ತು. ತಿಂಗಳಿಗೆ ನೂರಾರು ಶೀರ್ಷಿಕೆಗಳಿಗೆ ಈ ಲೆಕ್ಕ ಹಾಕಬೇಕಾದವನು ಸಹಜವಾಗಿಯೇ ಮುಖ ಗೊತ್ತಿರುವವರಿಗಾಗಿ ಮಾತ್ರ ತರಿಸುತ್ತಾನೆ. ಅವನನ್ನು ದೂರುವಂತಿಲ್ಲ, ಮಕ್ಕಳ ಫೀಸು ಅವನೂ ಕಟ್ಟಬೇಕು.

ಇದರ ಪರಿಣಾಮ ಕಥೆಯೊಳಕ್ಕೂ ಇಳಿಯಿತು. ಗಿರಾಕಿಗಳ ಸಂಖ್ಯೆ ಹೆಚ್ಚುವುದಿಲ್ಲ ಎಂದ ಮೇಲೆ ಆದಾಯ ಹೆಚ್ಚಿಸಲು ಉಳಿದ ದಾರಿ ಒಂದೇ, ಇರುವ ಗಿರಾಕಿಯಿಂದಲೇ ಹೆಚ್ಚು ಕೊಳ್ಳಿಸುವುದು. 1984ರಲ್ಲಿ ಮಾರ್ವೆಲ್‌ನ 'ಸೀಕ್ರೆಟ್ ವಾರ್ಸ್', ಮರುವರ್ಷ ಸೂಪರ್‌ಮ್ಯಾನ್‌ನ ಪ್ರಕಾಶಕರಾದ ಡಿಸಿಯ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್' ಬಂದು ಗೆದ್ದವು. ಎಲ್ಲ ನಾಯಕರೂ ಸೇರುವ ಒಂದು ಮಹಾಕಥೆ, ಅದರ ಎಳೆಗಳು ಬೇರೆ ಬೇರೆ ಪತ್ರಿಕೆಗಳಿಗೆ ಹರಡುತ್ತವೆ. ಪೂರ್ತಿ ತಿಳಿಯಬೇಕೆಂದರೆ ಎಲ್ಲವನ್ನೂ ಕೊಳ್ಳಬೇಕು. ಹಳೆಯ ಓದುಗನಿಗೆ ಇದು ಹಬ್ಬ, ಇಪ್ಪತ್ತು ವರ್ಷದ ಹಿಂದೆ ಓದಿದ ಪಾತ್ರ ಮೂಲೆಯಲ್ಲಿ ಇಣುಕಿದರೂ ಗುರುತು ಹಿಡಿಯುತ್ತಾನೆ. ಹೊಸಬನಿಗೆ ಮಾತ್ರ ಇದು ಯಾರದೋ ಮನೆಯ ಮದುವೆಗೆ ಅಕಸ್ಮಾತ್ ಹೋದಂತೆ. ಊಟ ಚೆನ್ನಾಗಿದೆ, ಎಲ್ಲರೂ ನಗುತ್ತಿದ್ದಾರೆ, ಯಾರು ಯಾರ ಸೋದರಮಾವ ಎಂದು ತಿಳಿಯುತ್ತಿಲ್ಲ.

ಇನ್ನೊಂದು ಉಪಾಯ ಮುಖಪುಟದ್ದು. ಒಂದೇ ಸಂಚಿಕೆಗೆ ನಾಲ್ಕಾರು ಬಗೆಯ ಮುಖಪುಟ. ಅವುಗಳಲ್ಲಿ ಅಪರೂಪದ ಒಂದು ಬೇಕಾದರೆ ಅಂಗಡಿಯವನು ಸಾಮಾನ್ಯ ಮುಖಪುಟದ ಇಪ್ಪತ್ತೈದು ಪ್ರತಿ ತರಿಸಬೇಕು, ಆಗ ಒಂದು ಸಿಗುತ್ತದೆ. ಆ ಒಂದನ್ನು ಅವನು ಹೆಚ್ಚು ಬೆಲೆಗೆ ಮಾರಿ ಉಳಿದವುಗಳ ನಷ್ಟ ತುಂಬಿಕೊಳ್ಳುತ್ತಾನೆ. ಮೂಗಿಗಿಂತ ಮೂಗುತಿ ಭಾರ. ಇದರಿಂದ ಇನ್ನೊಂದು ತೊಡಕೂ ಇದೆ. ಕಾಮಿಕ್ಸ್ ಇಷ್ಟು ಮಾರಾಟವಾಯಿತು ಎಂದು ಬಹುಕಾಲ ಪ್ರಕಟವಾಗುತ್ತಿದ್ದ ಅಂಕಿ ಅಂಗಡಿಗಳು ತರಿಸಿದ ಪ್ರತಿಗಳದ್ದು, ಓದುಗರು ಕೊಂಡದ್ದಲ್ಲ. ಇಪ್ಪತ್ತೈದರಲ್ಲಿ ಹತ್ತು ಗೋದಾಮಿನಲ್ಲಿ ದೂಳು ತಿಂದರೂ ಪಟ್ಟಿಯಲ್ಲಿ ಇಪ್ಪತ್ತೈದೇ.

ಹೊಸಬರು ಬಂದರೆ ಸಾಕು, ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ 1990ರ ದಶಕವನ್ನು ನೆನಪಿಸಬೇಕು. ಆಗ ಹೊಸಬರು ಬಂದಿದ್ದರು, ಹಿಂಡುಹಿಂಡಾಗಿ. 1938ರ ಆ ಹತ್ತು ಸೆಂಟಿನ ಸಂಚಿಕೆ ಹರಾಜಿನಲ್ಲಿ ಸಾವಿರಾರು ಡಾಲರಿಗೆ ಹೋಗುತ್ತಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದು, ಕಾಮಿಕ್ಸ್ ಎಂದರೆ ನಿವೇಶನವಿದ್ದಂತೆ ಎಂದು ಜನ ನಂಬಿದರು. 1991ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಜಿಮ್ ಲೀ ಅವರ 'ಎಕ್ಸ್-ಮೆನ್' ಹೊಸ ಸರಣಿಯ ಮೊದಲ ಸಂಚಿಕೆ ಐದು ಬಗೆಯ ಮುಖಪುಟಗಳಲ್ಲಿ ಬಂದು 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಒಂದೇ ಸಂಚಿಕೆ ಅತಿ ಹೆಚ್ಚು ಖರ್ಚಾದದ್ದಕ್ಕೆ ಗಿನ್ನೆಸ್ ದಾಖಲೆ ಇಂದಿಗೂ ಅದರದ್ದೇ. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸತ್ತ. ಆ ಸಂಚಿಕೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ, ತೋಳಿಗೆ ಕಟ್ಟುವ ಶೋಕದ ಪಟ್ಟಿಯ ಸಮೇತ ಬಂತು. ಜನ ಸಾಲುಗಟ್ಟಿ ನಿಂತು ಕೊಂಡರು, ಚೀಲ ಒಡೆಯದೆ ಕಪಾಟಿನಲ್ಲಿಟ್ಟರು. ಚೀಲ ಒಡೆಯದವನನ್ನು ಓದುಗ ಎನ್ನುವುದು ಹೇಗೆ?

ಲಕ್ಷಗಟ್ಟಲೆ ಇರುವ ವಸ್ತುವಿಗೆ ಬೆಲೆ ಏರುವುದಿಲ್ಲ ಎಂಬುದು ಎರಡು ವರ್ಷದೊಳಗೆ ಅವರಿಗೂ ಹೊಳೆಯಿತು. ಎದ್ದು ಹೋದರು. ದಶಕದ ಆರಂಭದಲ್ಲಿ ಸುಮಾರು 10,000 ಇದ್ದ ಅಂಗಡಿಗಳು ಕೊನೆಯ ಹೊತ್ತಿಗೆ 4,000ದ ಆಸುಪಾಸಿಗೆ ಇಳಿದವು. ಮಾರ್ವೆಲ್ ತನ್ನದೇ ವಿತರಣಾ ಸಂಸ್ಥೆ ಕಟ್ಟಲು ಹೋಗಿ ಕೈಸುಟ್ಟುಕೊಂಡು, 1996ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಆ ಗದ್ದಲದಲ್ಲಿ ಉಳಿದುಕೊಂಡ ದೊಡ್ಡ ವಿತರಕ ಒಬ್ಬನೇ, ಡೈಮಂಡ್. ಹೊಸಬರ ಬೆನ್ನು ಹತ್ತಿದ್ದಕ್ಕೆ ಹಳಬರೂ ಹೋದರು ಎಂದು ಹಳೆಯ ಅಂಗಡಿಯವರು ಈಗಲೂ ಹೇಳುವುದುಂಟು. ಅವರ ಸಿಟ್ಟಿಗೆ ಕಾರಣವಿದೆ.

ಆಮೇಲಿನ ಪ್ರಯತ್ನಗಳು ಹೆಚ್ಚು ಪ್ರಾಮಾಣಿಕವಾದವು. ಕ್ಯಾಲಿಫೋರ್ನಿಯಾದ ಕಾಂಕಾರ್ಡ್‌ನಲ್ಲಿ ಅಂಗಡಿ ಇಟ್ಟಿದ್ದ ಜೋ ಫೀಲ್ಡ್ ಅವರ ಸಲಹೆಯಂತೆ 2002ರ ಮೇ 4ರಂದು, ಸ್ಪೈಡರ್‌ಮ್ಯಾನ್ ಚಲನಚಿತ್ರ ಬಿಡುಗಡೆಯಾದ ಮರುದಿನ, ಅಂಗಡಿಗೆ ಬಂದವರಿಗೆಲ್ಲ ಪುಕ್ಕಟೆ ಕಾಮಿಕ್ಸ್ ಹಂಚುವ ದಿನ ಶುರುವಾಯಿತು. ಚಿತ್ರಮಂದಿರ ತುಂಬಿದೆ, ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಲೆಕ್ಕಾಚಾರ. ಇಲ್ಲಿ ಗಾದೆ ಸೋತಿತು. ಮುಂದೆ 2019ರಲ್ಲಿ 'ಅವೆಂಜರ್ಸ್: ಎಂಡ್‌ಗೇಮ್' ಜಗತ್ತಿನಾದ್ಯಂತ 279 ಕೋಟಿ ಡಾಲರಿನಷ್ಟು ಗಳಿಸಿದ ಕಾಲದಲ್ಲೂ, ಒಂದು ಸಾಮಾನ್ಯ ತಿಂಗಳಲ್ಲಿ ಮೊದಲ ಸ್ಥಾನದ ಕಾಮಿಕ್ಸ್ ಲಕ್ಷದ ಆಚೀಚೆಯೇ ಓಡಾಡುತ್ತಿತ್ತು. ಸಿನಿಮಾ ನೋಡಿ ಆಸೆ ಹುಟ್ಟಿದವನು ಅಂಗಡಿಗೆ ಬಂದು 'ಎಲ್ಲಿಂದ ಶುರು ಮಾಡಲಿ?' ಎಂದರೆ, ಉತ್ತರ ಹೇಳಲು ಹತ್ತು ನಿಮಿಷ ಬೇಕು. ಅವನು ತೆರೆಯ ಮೇಲೆ ನೋಡಿದ ನಾಯಕ ಪುಸ್ತಕದಲ್ಲಿ ಆ ತಿಂಗಳು ಸತ್ತಿರಬಹುದು, ಬೇರೊಬ್ಬನಾಗಿರಬಹುದು.

ಡಿಸಿ 2011ರ ಸೆಪ್ಟೆಂಬರಿನಲ್ಲಿ ತನ್ನ ಪತ್ರಿಕೆಗಳನ್ನೆಲ್ಲ ಅಳಿಸಿ 52 ಹೊಸ ಶೀರ್ಷಿಕೆಗಳನ್ನು ಒಂದನೇ ಸಂಖ್ಯೆಯಿಂದ ಆರಂಭಿಸಿತು. 1938ರಿಂದ ಎಣಿಕೆ ತಪ್ಪದೆ ಬಂದಿದ್ದ 'ಆ್ಯಕ್ಷನ್ ಕಾಮಿಕ್ಸ್' ಕೂಡ ಮತ್ತೆ ಒಂದಕ್ಕೆ ಬಂತು. ಕೆಲವು ತಿಂಗಳು ಮಾರಾಟ ಚಿಮ್ಮಿತು, ನಂತರ ಇಳಿಯುತ್ತ ಹೋಯಿತು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಐದು ವರ್ಷದ ಬಳಿಕ ಅದೇ ಸಂಸ್ಥೆ ಮಾಡಿದ ಕೆಲಸ. 2016ರ 'ರೀಬರ್ತ್' ಹೆಸರಿನ ಮರುಆರಂಭದಲ್ಲಿ ಬೆಲೆಯನ್ನು 2.99 ಡಾಲರಿಗೆ ಇಟ್ಟು, ಮೊದಲ ಕೆಲವು ತಿಂಗಳ ಸಂಚಿಕೆಗಳನ್ನು ಮಾರದಿದ್ದರೆ ವಾಪಸು ಪಡೆಯುವುದಾಗಿ ಅಂಗಡಿಗಳಿಗೆ ಮಾತು ಕೊಟ್ಟಿತು. ಆ ಬೇಸಿಗೆಯಲ್ಲಿ ಡಿಸಿ ಮಾರಾಟದಲ್ಲಿ ಮಾರ್ವೆಲ್ಲನ್ನು ಹಿಂದಿಕ್ಕಿತು. ಕಥೆಯೂ ಜನರಿಗೆ ಹಿಡಿಸಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹತ್ತು ಪ್ರತಿ ತರಿಸುವ ಧೈರ್ಯ ಅಂಗಡಿಯವನಿಗೆ ಬಂದದ್ದು ಆ ಮಾತಿನಿಂದ.

ಮಾರ್ವೆಲ್ ಪಾತ್ರಗಳ ಕಡೆಯಿಂದ ಪ್ರಯತ್ನಿಸಿತು. 2014ರಲ್ಲಿ ಜಿ. ವಿಲೋ ವಿಲ್ಸನ್ ಬರೆದ 'ಮಿಸ್ ಮಾರ್ವೆಲ್' ಬಂತು. ನಾಯಕಿ ಜೆರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್. ಮನೆಯಲ್ಲಿ ಅಪ್ಪ ಅಮ್ಮನ ಕಟ್ಟುನಿಟ್ಟು, ಹೊರಗೆ ಸ್ನೇಹಿತರ ಗುಂಪು, ನಡುವೆ ಸಿಕ್ಕಿಕೊಂಡ ಹದಿನಾರರ ವಯಸ್ಸು. ಇದು ರಾಜಕೀಯ, ಮಾರುವುದಿಲ್ಲ ಎಂದವರಿದ್ದರು. ಅಂಗಡಿಗಳ ಮಾಸಿಕ ಪಟ್ಟಿಯಲ್ಲಿ ಅದು ಎಂದೂ ಬ್ಯಾಟ್‌ಮ್ಯಾನ್‌ನ ಹತ್ತಿರ ಸುಳಿಯಲಿಲ್ಲ ನಿಜ. ಡಿಜಿಟಲ್ ಮಾರಾಟದಲ್ಲೂ, ಸಂಚಿಕೆಗಳನ್ನು ಒಟ್ಟುಗೂಡಿಸಿದ ಪುಸ್ತಕದ ರೂಪದಲ್ಲೂ ಅದು ಮುಂಚೂಣಿಯಲ್ಲಿತ್ತು. 2015ರಲ್ಲಿ ಹ್ಯೂಗೊ ಪ್ರಶಸ್ತಿಯೂ ಬಂತು. ಕಮಲಾಳನ್ನು ಓದಬೇಕೆಂದಿದ್ದ ಹುಡುಗಿ ಎರಡು ತಿಂಗಳು ಮುಂಚೆ ಅಂಗಡಿಗೆ ಹೋಗಿ 'ನನ್ನ ಹೆಸರಿಗೆ ಎತ್ತಿಡಿ' ಎನ್ನುವವಳಲ್ಲ. ಪುಸ್ತಕದಂಗಡಿಯಲ್ಲಿ ಕಂಡರೆ ಕೊಳ್ಳುತ್ತಾಳೆ, ಇಲ್ಲವೇ ಫೋನಿನಲ್ಲಿ ಓದುತ್ತಾಳೆ. ಒಂದೇ ಕೃತಿ, ಒಂದು ಬಾಗಿಲಲ್ಲಿ ನಿಂತು ಎಣಿಸಿದರೆ ಸೋಲು, ಇನ್ನೊಂದು ಬಾಗಿಲಲ್ಲಿ ಎಣಿಸಿದರೆ ಗೆಲುವು.

ಆ ಇನ್ನೊಂದು ಬಾಗಿಲಿನ ಕಥೆ ಸೂಪರ್‌ಹೀರೋಗಳಿಗೆ ಸಂಬಂಧವೇ ಇಲ್ಲದೆ ಶುರುವಾಗಿತ್ತು. ಜಪಾನಿನ ಚಿತ್ರಕಥೆಗಳಾದ ಮಾಂಗಾ ಪುಸ್ತಕಗಳನ್ನು ಮೊದಲು ಅಮೆರಿಕದಲ್ಲಿ ಪುಟ ತಿರುಗಿಸಿ, ಎಡದಿಂದ ಬಲಕ್ಕೆ ಓದುವಂತೆ ಮಾಡಿ, ತೆಳ್ಳಗಿನ ಸಂಚಿಕೆಗಳಾಗಿ ಕಾಮಿಕ್ಸ್ ಅಂಗಡಿಗೆ ಕಳಿಸುತ್ತಿದ್ದರು. 2002ರಲ್ಲಿ ಟೋಕಿಯೋಪಾಪ್ ಎಂಬ ಸಂಸ್ಥೆ ಅದನ್ನೆಲ್ಲ ಬಿಟ್ಟು, ಜಪಾನಿನಲ್ಲಿದ್ದಂತೆಯೇ ಬಲದಿಂದ ಎಡಕ್ಕೆ, ಕೈಹಿಡಿಯ ಗಾತ್ರದಲ್ಲಿ, 9.99 ಡಾಲರಿಗೆ ದಪ್ಪ ಪುಸ್ತಕ ತಂದು ಮಾಲ್‌ಗಳ ಪುಸ್ತಕದಂಗಡಿಯಲ್ಲಿ ಜೋಡಿಸಿತು. ನಮ್ಮ ರೂಢಿಯಲ್ಲಿ ಮೊದಲ ಪುಟವಾಗುವಲ್ಲಿ 'ನಿಲ್ಲಿ, ನೀವು ತಪ್ಪು ಕಡೆಯಿಂದ ಓದುತ್ತಿದ್ದೀರಿ' ಎಂಬ ಸೂಚನೆ ಇರುತ್ತಿತ್ತು. ಹುಡುಗಿಯರು ಆ ಅಂಗಡಿಗಳ ನೆಲದ ಮೇಲೆ ಸಾಲಾಗಿ ಕುಳಿತು ಓದಿದರು. ಹೊಸ ಓದುಗರಿಗೆ ಕಷ್ಟವಾಗಬಾರದು ಎಂದು ಸಂಪಾದಕರು ತಲೆ ಕೆಡಿಸಿಕೊಂಡಿದ್ದ ಕಾಲದಲ್ಲೇ, ಪುಸ್ತಕವನ್ನು ಹಿಂದುಮುಂದಾಗಿ ಓದುವುದನ್ನು ಹದಿಮೂರರ ಮಕ್ಕಳು ಐದು ನಿಮಿಷದಲ್ಲಿ ಕಲಿತುಬಿಟ್ಟರು. ಒಂದನೇ ಸಂಪುಟ ಯಾವುದು ಎಂಬುದು ಮಾತ್ರ ಬೆನ್ನಿನ ಮೇಲೆ ದಪ್ಪಗೆ ಬರೆದಿರಬೇಕಿತ್ತು, ಅಷ್ಟೇ.

2005ರಲ್ಲಿ ಶಾಲೆಗಳಲ್ಲಿ ಪುಸ್ತಕ ಮೇಳ ನಡೆಸುವ ಸ್ಕೊಲಾಸ್ಟಿಕ್ ಸಂಸ್ಥೆ ಕಾಮಿಕ್ಸ್‌ಗೆಂದೇ ಒಂದು ವಿಭಾಗ ತೆರೆಯಿತು. ಅದರ ಮೊದಲ ಪುಸ್ತಕ ಜೆಫ್ ಸ್ಮಿತ್ ಅವರ 'ಬೋನ್'. ಸ್ಮಿತ್ ಇದನ್ನು 1991ರಿಂದ 2004ರವರೆಗೆ ಕಪ್ಪುಬಿಳುಪಿನಲ್ಲಿ ಬಿಡಿ ಸಂಚಿಕೆಗಳಾಗಿ ಬಹುಪಾಲು ಸ್ವಂತ ಖರ್ಚಿನಲ್ಲಿ ತಂದಿದ್ದರು. ಅದೇ ಕಥೆಗೆ ಬಣ್ಣ ತುಂಬಿ, ಪುಸ್ತಕವಾಗಿ ಶಾಲೆಯ ಬಾಗಿಲಿಗೆ ಒಯ್ದಾಗ ಓದುಗರ ಇಡೀ ಹೊಸ ಪೀಳಿಗೆ ಸಿಕ್ಕಿತು. 2010ರಲ್ಲಿ ರೈನಾ ಟೆಲ್ಗೆಮಿಯರ್ 'ಸ್ಮೈಲ್' ಬರೆದರು. ಆರನೇ ತರಗತಿಯಲ್ಲಿ ಮುಗ್ಗರಿಸಿ ಬಿದ್ದು ಮುಂದಿನ ಎರಡು ಹಲ್ಲು ಕಳೆದುಕೊಂಡ ಹುಡುಗಿಯ ಕಥೆ, ಅವರದೇ ಜೀವನದ್ದು. ಲೋಕ ನಾಶವಾಗುವುದಿಲ್ಲ, ಯಾರೂ ಹಾರುವುದಿಲ್ಲ, ದಂತವೈದ್ಯರ ಕುರ್ಚಿಯೇ ರಣರಂಗ. 2019ರಲ್ಲಿ ಅವರ 'ಗಟ್ಸ್' ಬಂದಾಗ ಮೊದಲ ಮುದ್ರಣವೇ 10 ಲಕ್ಷ ಪ್ರತಿ. ಅದೇ ವರ್ಷದ 'ಡಾಗ್ ಮ್ಯಾನ್' ಸಂಪುಟಕ್ಕೆ 50 ಲಕ್ಷ! ಅದರ ಕರ್ತೃ ಡೇವ್ ಪಿಲ್ಕಿ ಓದಿನ ತೊಂದರೆಯಿದ್ದ ಹುಡುಗ, ತಂಟೆ ಮಾಡುತ್ತಾನೆಂದು ತರಗತಿಯಿಂದ ಹೊರಹಾಕಿಸಿಕೊಂಡು ಮೊಗಸಾಲೆಯ ಮೇಜಿನಲ್ಲಿ ಕುಳಿತು ಚಿತ್ರಕಥೆ ಬರೆಯುತ್ತಿದ್ದವರು.

ಬೆಲೆಯ ಲೆಕ್ಕವನ್ನೂ ನೋಡಿ. ಮಾಸಿಕ ಸಂಚಿಕೆಯಲ್ಲಿ ಕಥೆಯ ಪುಟ ಇಪ್ಪತ್ತರ ಆಸುಪಾಸು, ಪುಟಕ್ಕೆ ಸುಮಾರು 25 ಸೆಂಟ್ ಬಿತ್ತು. ಹನ್ನೆರಡು ಡಾಲರಿನ ಮಾಂಗಾ ಸಂಪುಟದಲ್ಲಿ ಇನ್ನೂರು ಪುಟದ ಹತ್ತಿರ, ಪುಟಕ್ಕೆ ಆರು ಸೆಂಟ್. 1938ರ 10 ಸೆಂಟ್ ಇಂದಿನ ಲೆಕ್ಕದಲ್ಲಿ ಎರಡು ಡಾಲರಿಗಿಂತ ತುಸು ಹೆಚ್ಚು, ಅದಕ್ಕೆ ಸಿಗುತ್ತಿದ್ದುದು 64 ಪುಟ. ಕೈಖರ್ಚಿನ ಹಣ ಎಣಿಸುವ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆದ್ದರಿಂದ ಹೊಸ ಓದುಗರು ಬರುತ್ತಿಲ್ಲ ಎಂಬ ಗೋಳಾಟ ಪೂರ್ತಿ ನಿಜವಲ್ಲ. 2021ರಲ್ಲಿ ಅಮೆರಿಕ ಮತ್ತು ಕೆನಡಾದ ಕಾಮಿಕ್ಸ್ ಮಾರುಕಟ್ಟೆ 200 ಕೋಟಿ ಡಾಲರ್ ದಾಟಿತ್ತೆಂಬ ಅಂದಾಜಿದೆ, ಅದಕ್ಕೆ ಹಿಂದೆ ಅಷ್ಟು ಎಂದೂ ಆಗಿರಲಿಲ್ಲ. ಆ ಹಣದ ದೊಡ್ಡ ಪಾಲು ಪುಸ್ತಕದಂಗಡಿಗಳಲ್ಲಿ ಮಕ್ಕಳ ಪುಸ್ತಕ ಮತ್ತು ಮಾಂಗಾದಿಂದ ಬಂದದ್ದು. ಓದುಗರು ಬಂದಿದ್ದಾರೆ, ಪಕ್ಕದ ಮನೆಗೆ.

ಈ ಮಾತಿಗೆ ಹಳಬರ ಉತ್ತರವನ್ನೂ ಕೇಳಬೇಕು, ಏಕೆಂದರೆ ಅದು ಬರೀ ಹಟವಲ್ಲ. ವಾರ ವಾರ ಕಟ್ಟು ಒಯ್ಯುವ ಆ ನಲವತ್ತು ದಾಟಿದವರ ಹಣದಿಂದಲೇ ಬರಹಗಾರ, ಚಿತ್ರಕಾರ, ಬಣ್ಣ ತುಂಬುವವರು ಪುಟಕ್ಕಿಷ್ಟು ಎಂದು ಸಂಭಾವನೆ ಪಡೆಯುತ್ತಾರೆ. ಪುಸ್ತಕವಾಗಿ ಬರುವ ಹೊತ್ತಿಗೆ ಕಥೆಯ ಖರ್ಚು ಅಷ್ಟೋ ಇಷ್ಟೋ ಮಾಸಿಕ ಸಂಚಿಕೆಯಲ್ಲೇ ಹುಟ್ಟಿರುತ್ತದೆ. ಅವರನ್ನು ಬೇಸರಪಡಿಸಿ ಇನ್ನೂ ಬಾರದ ಹುಡುಗಿಗಾಗಿ ಕಾಯುವುದು ಕೈಯಲ್ಲಿದ್ದ ಬೆಣ್ಣೆ ಬಿಟ್ಟು ತುಪ್ಪಕ್ಕೆ ಅಲೆದಂತೆ ಎನ್ನುತ್ತಾರೆ. ನನಗೆ ಅರ್ಧ ಒಪ್ಪಿಗೆ. ಅವರಿಗೆ ಬೇಕಾದ ಗೋಜಲು ಕಥೆ ಅವರಿಗೆ ಸಿಗಲಿ, ಅರವತ್ತು ವರ್ಷದ ವಂಶಾವಳಿ ಬಾಯಿಪಾಠ ಇರುವವರಿಗೆ ಅದರದೇ ರುಚಿ ಇದೆ. ಎಡವಟ್ಟಾಗುವುದು ಒಂದೇ ಸಂಚಿಕೆ ಇಬ್ಬರನ್ನೂ ಮೆಚ್ಚಿಸಬೇಕು ಎಂದು ಹೊರಟಾಗ. ಜಪಾನಿನಲ್ಲಿ ಹುಡುಗರಿಗೆ, ಹುಡುಗಿಯರಿಗೆ, ಬೆಳೆದ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಪತ್ರಿಕೆಗಳು ಬಹುಕಾಲದಿಂದ ಇವೆ. ಹುಡುಗರಿಗೆಂದೇ ಇರುವ 'ಶೋನೆನ್ ಜಂಪ್' ವಾರಪತ್ರಿಕೆ 1995ರಲ್ಲಿ 65 ಲಕ್ಷ ಪ್ರತಿ ಮುಟ್ಟಿತ್ತು. ಅದನ್ನು ದಾಟಿ ಬೆಳೆದವನಿಗೆ ಮುಂದಿನ ಪತ್ರಿಕೆ ಕಾದಿರುತ್ತದೆ, ಹುಡುಗರ ಪತ್ರಿಕೆ ಅವನೊಂದಿಗೆ ಮುದಿಯಾಗಬೇಕಿಲ್ಲ.

ನಮ್ಮ ಕಡೆಯ ಒಂದು ಉದಾಹರಣೆ ಇಲ್ಲಿ ಸರಿಯಾಗಿ ಹೊಂದುತ್ತದೆ. ಅಮರ ಚಿತ್ರ ಕಥೆ ಶುರುವಾದದ್ದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಮುಂಬಯಿಯಲ್ಲಿ ತಂದ 'ಕೃಷ್ಣ'ದಿಂದ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ 'ಕೃಷ್ಣ'ದ ಕ್ರಮಸಂಖ್ಯೆ 11. ಮೊದಲ ಹತ್ತು ಎಲ್ಲಿ? ಅವು ಕನ್ನಡದಲ್ಲಿದ್ದವು. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಪಾಶ್ಚಾತ್ಯ ಕಿನ್ನರಕಥೆಗಳ ಚಿತ್ರಪುಸ್ತಕಗಳು ಕನ್ನಡಕ್ಕೆ ಬಂದಿದ್ದವು. ಯೋಚನೆ ಹುಟ್ಟಿದ್ದು ಸಂಪಾದಕನ ಮೇಜಿನಲ್ಲಲ್ಲ, ಪುಸ್ತಕ ಮಾರುವವನ ತಲೆಯಲ್ಲಿ ಎಂಬುದು ನನಗೆ ಇಷ್ಟವಾದ ವಿವರ. ಮುಂದೆ ಬಂದ ನೂರಾರು ಪುಸ್ತಕಗಳಲ್ಲೂ ಒಂದು ಗುಣ ಉಳಿಯಿತು. ಒಂದು ಪುಸ್ತಕಕ್ಕೆ ಒಂದು ಕಥೆ, ಅಲ್ಲೇ ಶುರು, ಅಲ್ಲೇ ಮುಕ್ತಾಯ. 'ಕರ್ಣ' ಓದಲು 'ಭೀಷ್ಮ' ಓದಿರಬೇಕಿಲ್ಲ. ಹಳೆಯದೆಂದು ಬಿಡದೆ ಹೆಚ್ಚಿನವನ್ನು ಮತ್ತೆ ಮತ್ತೆ ಅಚ್ಚು ಹಾಕಿದರು, ಅಜ್ಜಿ ಓದಿದ ಪುಸ್ತಕವನ್ನೇ ಮೊಮ್ಮಗ ಹೊಸದಾಗಿ ಕೊಳ್ಳಬಹುದು. ಮಹಾಭಾರತಕ್ಕಿಂತ ಗೋಜಲಾದ ವಂಶಾವಳಿ ಮಾರ್ವೆಲ್‌ನಲ್ಲೂ ಇಲ್ಲ. ಆದರೂ ನಮ್ಮ ಮಕ್ಕಳು ರೈಲು ನಿಲ್ದಾಣದಲ್ಲಿ ಕೈಗೆ ಸಿಕ್ಕ ಯಾವ ಪುಸ್ತಕದಿಂದಲಾದರೂ ಒಳಗೆ ಹೋಗುತ್ತಿದ್ದರು.

ಅಮೆರಿಕದ ದೊಡ್ಡ ಪ್ರಕಾಶಕರು ಈಗ ಆ ಕಡೆ ಕಾಲಿಡುತ್ತಿದ್ದಾರೆ. 2020ರಲ್ಲಿ ಡಿಸಿ, ಮರುವರ್ಷ ಮಾರ್ವೆಲ್ ಹಳೆಯ ವಿತರಕ ಡೈಮಂಡ್‌ನಿಂದ ದೂರ ಸರಿದವು. ಮಾರ್ವೆಲ್ ಹೋದದ್ದು ಪುಸ್ತಕ ಲೋಕದ ದೈತ್ಯ ಪೆಂಗ್ವಿನ್ ರ‍್ಯಾಂಡಮ್ ಹೌಸ್ ಕಡೆಗೆ. 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ಅರ್ಜಿ ಹಾಕಿತು, ಬಾಕಿ ಸಿಗದ ಸಣ್ಣ ಪ್ರಕಾಶಕರು ಪರದಾಡಿದರು. ಡಿಸಿ 2024ರಿಂದ ತನ್ನ ಹೆಸರಾಂತ ಕಥೆಗಳನ್ನು ಮಾಂಗಾಕ್ಕೆ ಹತ್ತಿರದ ಚಿಕ್ಕ ಗಾತ್ರದಲ್ಲಿ 9.99 ಡಾಲರಿಗೆ ಕೊಡುತ್ತಿದೆ. ಇಪ್ಪತ್ತೆರಡು ವರ್ಷ ತಡ, ಬೆಲೆ ಮಾತ್ರ ಟೋಕಿಯೋಪಾಪ್‌ನದೇ. ಕೊರಿಯಾದಲ್ಲಿ ಹುಟ್ಟಿದ ವೆಬ್‌ಟೂನ್ ಆ್ಯಪ್‌ನಲ್ಲಿ 2021ರಲ್ಲಿ ಬ್ಯಾಟ್‌ಮ್ಯಾನ್‌ನ ಮನೆಯ ದಿನನಿತ್ಯದ ತಮಾಷೆಗಳು ಬರತೊಡಗಿದವು. ಬೆರಳಿನಲ್ಲಿ ಮೇಲಕ್ಕೆ ಸರಿಸುತ್ತ ಓದುವ ಕಥೆ, ಹಿಂದಿನದೇನೂ ಗೊತ್ತಿರಬೇಕಿಲ್ಲ.

ಆ ಬುಧವಾರ ಹೊರಡುವ ಮೊದಲು ಅಂಗಡಿಯವನನ್ನು ಮಕ್ಕಳ ಪುಸ್ತಕಗಳ ಬಗ್ಗೆ ಕೇಳಿದೆ. ಒಳಗಿನ ಗೋಡೆಯ ಹತ್ತಿರ ಮೊಣಕಾಲೆತ್ತರದ ಒಂದು ಕಪಾಟು ತೋರಿಸಿದ. 'ಸ್ಮೈಲ್' ಇತ್ತು, 'ಡಾಗ್ ಮ್ಯಾನ್' ಇತ್ತು. ಇವನ್ನು ಪುಸ್ತಕಗಳ ಸಗಟು ವ್ಯಾಪಾರಿಯಿಂದ ತರಿಸುತ್ತೇನೆ, ಮಾರದಿದ್ದರೆ ವಾಪಸು ಕಳಿಸಬಹುದು ಎಂದ. ಹಾಗಾದರೆ ಇವನ್ನು ಬೀದಿ ಕಡೆಯ ಗಾಜಿಗೆ ಏಕೆ ಜೋಡಿಸಿಲ್ಲ ಎಂದೆ. ಅವನು ಗಾಜಿನ ಕಡೆ ನೋಡಿದ. ಅಲ್ಲಿ ಒಂದೇ ಸಂಚಿಕೆಯ ಆರು ಮುಖಪುಟಗಳು ಸಾಲಾಗಿ ನಿಂತಿದ್ದವು. ಅವು ಖಾಲಿಯಾಗಲಿ, ಆಮೇಲೆ ನೋಡೋಣ ಎಂದ.